ಬಿಚ್ಚುವ ಮೊದಲು ಮುಟ್ಟಿ ನೋಡಿ: ಹಳೆಯ ಫೋರ್‌ವೀಲ್ ಜೀಪಿನ ಟ್ರಾನ್ಸ್‌ಫರ್ ಕೇಸ್



ಈ ಪುಟದಲ್ಲಿ ನನ್ನಿಂದ ಕೆಚ್ಚಲು ಬಾವು, ಜಂತಿನ ಔಷಧಿ, ಖನಿಜ ಮಿಶ್ರಣದ ಮಾತು ಕೇಳಿ ಕೇಳಿ ನಿಮಗೆ ಸಾಕಾಗಿರಬಹುದು. ಈ ಸಲ ದನದ ಮಾತನ್ನು ಸ್ವಲ್ಪ ಪಕ್ಕಕ್ಕಿಟ್ಟು ಜೀಪಿನ ಮಾತಾಡುತ್ತೇನೆ. ಖಾನಾಪುರ ತಾಲ್ಲೂಕಿನ ಪಶ್ಚಿಮದ ಊರುಗಳಲ್ಲಿ, ಅಂದರೆ ಜಾಂಬೋಟಿ, ಕಣಕುಂಬಿ, ಹೆಮ್ಮಡಗಾ, ಭೀಮಗಡ ಕಾಡಿನ ಅಂಚಿನ ಕಡೆ ಇರುವವರಿಗೆ ಇದು ಬೇರೆ ವಿಷಯ ಅನ್ನಿಸಲಿಕ್ಕಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಾಲಿನ ಕ್ಯಾನು ಡಾಂಬರು ರಸ್ತೆ ಮುಟ್ಟುವುದೂ, ಪಶುವೈದ್ಯ ಕೊಟ್ಟಿಗೆ ಮುಟ್ಟುವುದೂ ಅಲ್ಲಿ ಎಷ್ಟೋ ಸಲ ಒಂದು ಹಳೆಯ ಫೋರ್‌ವೀಲ್ ಗಾಡಿಯನ್ನೇ ನಂಬಿಕೊಂಡಿರುತ್ತವೆ.

ನಾನು ಮೆಕ್ಯಾನಿಕ್ ಅಲ್ಲ. ಆದರೆ ನಮ್ಮ ತಂದೆಯ ಕಾಲದ ಎರಡು ಸಣ್ಣ ಲಿವರಿನ ಮಹೀಂದ್ರ ಜೀಪು ನನ್ನ ಹತ್ತಿರ ಇದೆ. ಹಿಂದಿನ ಸೀಟು ತೆಗೆದು ಸಾಮಾನು ಹೇರಲು ಮಾಡಿಕೊಂಡಿದ್ದೇವೆ. ಅದು ಕಲಿಸಿದ ಪಾಠಕ್ಕೆ ನಾನು ಕೊಟ್ಟ ಶುಲ್ಕ ದೊಡ್ಡದು. ಅದನ್ನು ಮೊದಲು ಹೇಳಿಬಿಡುತ್ತೇನೆ.

ಹೋದ ವರ್ಷದ ಜುಲೈ. ಬೆಳಗಾವಿಯಲ್ಲಿ ಬೆಳಿಗ್ಗೆ ಕೆಲಸ ಮುಗಿಸಿ ಚಹಾ ಕುಡಿಯುತ್ತಿದ್ದಾಗ ಫೋನು ಬಂತು. ಜಾಂಬೋಟಿ ದಾಟಿ ಒಳಗಿನ ಒಂದು ಊರಿನ ರೈತರು. "ಸರ, ಎಮ್ಮಿ ರಾತ್ರಿಯಿಂದ ತಿಣುಕಾಕತೈತಿ. ನೀರಚೀಲಾನೂ ಕಾಣವಲ್ದು, ಕಾಲೂ ಕಾಣವಲ್ದು." ದಿನ ತುಂಬಿದ ಎಮ್ಮೆ ತಿಣುಕುತ್ತಿದೆ, ಹೊರಗೆ ಏನೂ ಕಾಣುತ್ತಿಲ್ಲ ಅಂದರೆ ನಮ್ಮ ತಲೆಗೆ ಮೊದಲು ಬರುವುದು ಗರ್ಭಕೋಶ ತಿರುಚಿಕೊಂಡಿದೆಯೇ ಎಂಬ ಅನುಮಾನ. ಎಮ್ಮೆಗಳಲ್ಲಿ ಇದು ಹೆಚ್ಚು. ಇಲ್ಲಿ ಗಂಟೆಗಳ ಲೆಕ್ಕ. ತಡವಾದಷ್ಟೂ ಕರುವಿನ ಆಸೆ ಕಡಿಮೆ, ಆಮೇಲೆ ತಾಯಿಯದೂ ಅನುಮಾನ. ಜೀಪು ತೆಗೆದುಕೊಂಡು ಹೊರಟೆ.

ದೊಡ್ಡ ರಸ್ತೆ ಬಿಟ್ಟು ಕಾಡಿನ ದಾರಿಗೆ ಇಳಿದ ಮೇಲೆ ಒಂದು ಹಳ್ಳ, ಹಳ್ಳದ ಆಚೆ ಕೆಂಪು ಮಣ್ಣಿನ ಏರು. ಏರಿನ ಬುಡದಲ್ಲಿ ನಿಂತು ಫೋರ್‌ವೀಲ್ ಲಿವರ್ ಹಾಕಿದೆ. ಕೈಗೆ ಬಿದ್ದಂತೆಯೇ ಅನ್ನಿಸಿತು. ಗಾಡಿ ಹತ್ತು ಮಾರು ಏರಿ, ಹಿಂದಿನ ಚಕ್ರಗಳು ಕೆಸರು ತೂರುತ್ತ ಜಾರಿ, ಪಕ್ಕದ ಚರಂಡಿಗೆ ಹೋಗಿ ಕೂತಿತು. ಇಳಿದು ನೋಡಿದರೆ ಮುಂದಿನ ಚಕ್ರ ಒಂದು ಸುತ್ತೂ ತಿರುಗಿರಲಿಲ್ಲ. ಲೋ ಗೇರ್ ಹಾಕಲು ಹೋದರೆ ಅದು ಬೀಳಲೇ ಇಲ್ಲ. ಊರಿನಿಂದ ಹುಡುಗರು ಬಂದು ತಳ್ಳಿದರು, ಆಗಲಿಲ್ಲ. ಕೊನೆಗೆ ಔಷಧದ ಪೆಟ್ಟಿಗೆಯನ್ನು ಒಬ್ಬ ಹುಡುಗ ತಲೆಯ ಮೇಲೆ ಹೊತ್ತ, ನಡೆದೇ ಹೋದೆವು. ಮುಟ್ಟಿದಾಗ ಎರಡೂವರೆ ಗಂಟೆ ತಡವಾಗಿತ್ತು. ಅನುಮಾನ ನಿಜವಾಗಿತ್ತು. ಎಮ್ಮೆಯನ್ನು ಮಲಗಿಸಿ, ಹೊಟ್ಟೆಯ ಮೇಲೆ ಹಲಗೆ ಒತ್ತಿ, ಉರುಳಿಸಿ ತಿರುಚು ಬಿಡಿಸಿದೆವು. ಎಮ್ಮೆ ಉಳಿಯಿತು. ಕರು ಸತ್ತೇ ಹುಟ್ಟಿತು, ಹೆಣ್ಣುಗರು. ಸರಿಯಾದ ಹೊತ್ತಿಗೆ ಹೋಗಿದ್ದರೆ ಬದುಕುತ್ತಿತ್ತು ಎಂದು ಖಂಡಿತವಾಗಿ ಹೇಳಲಾರೆ. ಆದರೆ ಆ ಎರಡೂವರೆ ಗಂಟೆ ಇನ್ನೂ ನನ್ನ ಜೊತೆಗಿದೆ.

ಮಾರನೆಯ ವಾರ ಜೀಪು ಬೆಳಗಾವಿಯ ಗ್ಯಾರೇಜಿಗೆ ಹೋಯಿತು. ಮೊದಲು ನೋಡಿದವರು "ಟ್ರಾನ್ಸ್‌ಫರ್ ಕೇಸ್ ಹೋಗೇತಿ, ಇಳಿಸಿ ಪೂರಾ ಸೆಟ್ ಹಾಕಬೇಕು" ಅಂದರು. ಅಲ್ಲಿಂದ ಎರಡನೆಯ ಕಡೆಗೆ ಒಯ್ದೆ. ಅಲ್ಲಿನ ವಯಸ್ಸಾದ ಮಿಸ್ತ್ರಿ ಪಾನಾ ಕೈಗೆ ತೆಗೆದುಕೊಳ್ಳಲೇ ಇಲ್ಲ. ನನ್ನನ್ನು ಸೀಟಿನಲ್ಲಿ ಕೂರಿಸಿ "ಲಿವರ್ ಹಾಕ್ರಿ, ತಗೀರಿ" ಅನ್ನುತ್ತ ತಾನು ಗಾಡಿಯ ಕೆಳಗೆ ಮಲಗಿ ನೋಡಿದರು. ಐದು ನಿಮಿಷಕ್ಕೆ ಹೊರಗೆ ಬಂದು ನಗತೊಡಗಿದರು. ಬೇಸಿಗೆಯಲ್ಲಿ ನಾನು ಜೀಪಿನ ನೆಲದ ತುಕ್ಕು ಹಿಡಿದ ತಗಡು ತೆಗೆಸಿ ಹೊಸದನ್ನು ವೆಲ್ಡ್ ಮಾಡಿಸಿದ್ದೆ. ಹೊಸ ತಗಡಿನಲ್ಲಿ ಲಿವರಿಗೆಂದು ಕೊರೆದ ತೂತು ಬೆರಳಿನಷ್ಟು ಸಣ್ಣದಾಗಿತ್ತು. ಅದರ ಮೇಲೆ ನಾನು ಹಾಕಿದ್ದ ರಬ್ಬರ್ ಮ್ಯಾಟ್ ಬೇರೆ. ಲಿವರ್ ತಗಡಿನ ಅಂಚಿಗೆ ತಾಗಿ ಮುಕ್ಕಾಲು ದಾರಿಯಲ್ಲೇ ನಿಲ್ಲುತ್ತಿತ್ತು. ಒಳಗಿನ ಹಲ್ಲು ಕಚ್ಚುತ್ತಲೇ ಇರಲಿಲ್ಲ. ಲಿವರ್ ಕೂರುವ ಪಿನ್ನೂ ಸವೆದು ಸಡಿಲಾಗಿತ್ತು. ಒಂದು ಕಟಿಂಗ್ ಡಿಸ್ಕ್, ಒಂದು ಪಿನ್, ನಾಲ್ಕು ಪಂಪ್ ಗ್ರೀಸ್. ಅಷ್ಟೇ ಆದದ್ದು.

ಆವತ್ತು ಆ ಮಿಸ್ತ್ರಿ ಮಾಡಿದ್ದು ನಮ್ಮ ವಿದ್ಯೆಯನ್ನೇ. ಹೊಟ್ಟೆ ಉಬ್ಬಿದ ಹಸು ಕಂಡ ತಕ್ಷಣ ನಾವು ಕತ್ತಿ ತೆಗೆದುಕೊಳ್ಳುವುದಿಲ್ಲ. ಕಣ್ಣು ನೋಡುತ್ತೇವೆ, ಸಗಣಿ ನೋಡುತ್ತೇವೆ, ಎಡಹೊಟ್ಟೆ ತಟ್ಟಿ ಕೇಳುತ್ತೇವೆ, ಹಿಂದಿನ ದಿನ ಏನು ತಿಂದಿತ್ತು ಎಂದು ಕೇಳುತ್ತೇವೆ. ಟ್ರಾನ್ಸ್‌ಫರ್ ಕೇಸ್ ಹೋಗಿದೆ ಎಂದು ಹೇಳಿಸಿಕೊಂಡು ಬರುವ ಗಾಡಿಗಳಲ್ಲಿ ಬಹಳಷ್ಟಕ್ಕೆ ರೋಗ ಇರುವುದು ಆ ಪೆಟ್ಟಿಗೆಯ ಹೊರಗೆ. ಅದನ್ನು ನೀವೇ ಅಂಗಳದಲ್ಲಿ ನೋಡಿಕೊಳ್ಳಬಹುದು, ಅದೂ ಮೇ ತಿಂಗಳಲ್ಲಿ, ನೆಲ ಒಣಗಿರುವಾಗ.

ಮೊದಲು ಈ ಪೆಟ್ಟಿಗೆ ಏನು ಮಾಡುತ್ತದೆ ಎಂಬುದು. ಎಂಜಿನ್ನಿನ ಶಕ್ತಿ ಗೇರ್‌ಬಾಕ್ಸಿಗೆ ಬರುತ್ತದೆ. ಗೇರ್‌ಬಾಕ್ಸಿನ ಬೆನ್ನಿಗೆ ಅಂಟಿಕೊಂಡಿರುವ ಟ್ರಾನ್ಸ್‌ಫರ್ ಕೇಸು ಅದನ್ನು ಹಿಂದಿನ ಪ್ರೊಪೆಲ್ಲರ್ ಶಾಫ್ಟಿಗೂ, ಬೇಕೆಂದಾಗ ಮುಂದಿನ ಶಾಫ್ಟಿಗೂ ಕೊಡುತ್ತದೆ. ಒಂದು ಲಿವರ್ ಮುಂದಿನ ಚಕ್ರಗಳನ್ನು ಕೂಡಿಸುವುದಕ್ಕೆ. ಇನ್ನೊಂದು ಹೈ, ನ್ಯೂಟ್ರಲ್, ಲೋ. ನಮ್ಮ ಹಳೆಯ ಜೀಪುಗಳಲ್ಲಿರುವುದು ಎರಡನೆಯ ಮಹಾಯುದ್ಧದ ವಿಲ್ಲಿಸ್ ಜೀಪಿನಲ್ಲಿದ್ದ ಸ್ಪೈಸರ್ 18 ಎಂಬ ಮಾದರಿಯ ವಂಶ. ಚೈನು ಇಲ್ಲ, ಕರೆಂಟಿನ ಮೋಟಾರು ಇಲ್ಲ, ಬರೀ ಗೇರು, ಬೇರಿಂಗು, ಎಣ್ಣೆ. ಅದಕ್ಕೇ ಇಂದಿಗೂ ರಿಪೇರಿಯಾಗುತ್ತದೆ. ಲೋ ಹಾಕಿದರೆ ಚಕ್ರಕ್ಕೆ ಸಿಗುವ ಎಳೆತ ಸುಮಾರು ಎರಡೂವರೆ ಪಟ್ಟು ಹೆಚ್ಚುತ್ತದೆ, ವೇಗ ಅಷ್ಟೇ ಕಡಿಮೆಯಾಗುತ್ತದೆ. ಅಷ್ಟು ಜೋರು ಹಿಂದಿನ ಆಕ್ಸಲ್ ಒಂದರ ಮೇಲೆಯೇ ಬೀಳಬಾರದೆಂದು ಒಳಗೆ ಒಂದು ತಡೆ ಇಟ್ಟಿದ್ದಾರೆ: ಫೋರ್‌ವೀಲ್ ಪೂರ್ತಿ ಬೀಳದ ಹೊರತು ಲೋ ಬೀಳುವುದಿಲ್ಲ. ಆವತ್ತು ಹಳ್ಳದ ಆಚೆ ಲೋ ಬೀಳದಿದ್ದುದಕ್ಕೆ ಕಾರಣ ಅದೇ. ಲೋ ಬೀಳುತ್ತಿಲ್ಲ ಎಂದಾಗ ಲೋ ಲಿವರಿನ ಜೊತೆ ಗುದ್ದಾಡಬೇಡಿ, ಪಕ್ಕದ ಲಿವರ್ ಪೂರ್ತಿ ಹೋಗಿದೆಯೇ ನೋಡಿ. ನನಗೆ ಆಗ ಇದು ಗೊತ್ತಿದ್ದರೆ ಮ್ಯಾಟ್ ಕಿತ್ತು ಎಸೆದು, ತಗಡನ್ನು ಕಲ್ಲಿನಿಂದ ಜಜ್ಜಿ ಬಗ್ಗಿಸಿಯಾದರೂ ದಾರಿ ಮಾಡಿಕೊಳ್ಳುತ್ತಿದ್ದೆ.

ಆದ್ದರಿಂದ ಮೊದಲ ಪರೀಕ್ಷೆ ಲಿವರಿನದು. ಮ್ಯಾಟ್ ತೆಗೆಯಿರಿ. ಲಿವರ್ ತನ್ನ ಕೊನೆಯವರೆಗೆ ಹೋದಾಗ ತಗಡಿಗೂ ಅದಕ್ಕೂ ನಡುವೆ ಬೆರಳು ತೂರಬೇಕು. ಬಾಡಿಯ ಕೆಳಗಿನ ರಬ್ಬರುಗಳು ಕುಗ್ಗಿ ನೆಲ ಕೆಳಗೆ ಇಳಿದಿದ್ದರೂ ಇದೇ ತೊಂದರೆ ಬರುತ್ತದೆ. ಲಿವರಿನ ಪಿನ್ನಿಗೆ ಗ್ರೀಸ್ ನಿಪ್ಪಲ್ ಇರುತ್ತದೆ, ಕೆಸರು ಮುಚ್ಚಿ ಕಾಣದಂತೆ ಆಗಿರುತ್ತದೆ. ಕೆರೆದು ಗ್ರೀಸ್ ಹಾಕಿ.

ಎರಡನೆಯದು ನಿಜವಾಗಿ ಕೂಡುತ್ತದೆಯೇ ಎಂಬುದು. ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ, ಹಿಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಒಡ್ಡಿ. ಮುಂದಿನ ಚಕ್ರಗಳಲ್ಲಿ ಫ್ರೀ-ಲಾಕ್ ಹಬ್ ಇದ್ದರೆ ಎರಡನ್ನೂ ಫ್ರೀ ಮಾಡಿ. ಈಗ ಫೋರ್‌ವೀಲ್ ಲಿವರ್ ಹಾಕಿ, ಕೆಳಗೆ ಬಗ್ಗಿ ಮುಂದಿನ ಪ್ರೊಪೆಲ್ಲರ್ ಶಾಫ್ಟನ್ನು ಕೈಯಿಂದ ತಿರುವಿ. ಅದು ತಿರುಗಬಾರದು. ಲಿವರ್ ತೆಗೆದ ಮೇಲೆ ಆರಾಮವಾಗಿ ತಿರುಗಬೇಕು. ಲಿವರ್ ಹಾಕಿದಾಗಲೂ ತಿರುಗಿದರೆ ಫೋರ್‌ವೀಲ್ ಬಿದ್ದಿಲ್ಲ, ನಿಮ್ಮ ಕೈಗೆ ಏನೇ ಅನ್ನಿಸಿರಲಿ. ಈ ಪರೀಕ್ಷೆಗೆ ಎರಡು ನಿಮಿಷ ಸಾಕು. ಹೋದ ಮೇ ತಿಂಗಳಲ್ಲಿ ನಾನು ಇದನ್ನು ಮಾಡಿರಲಿಲ್ಲ. ಮಳೆಗೆ ಮುನ್ನ ಚಪ್ಪೆ ಬೇನೆಗೆ ಲಸಿಕೆ ಹಾಕಿಸಿ ಎಂದು ಊರೂರು ಸುತ್ತಿ ಹೇಳುವವನು ನಾನೇ.

ಹಬ್ಬುಗಳ ಮಾತು. ಲಾಕ್ ಹಬ್ ಇರುವ ಗಾಡಿಯಲ್ಲಿ ಒಂದು ಕಡೆಯದು ಲಾಕ್ ಆಗದಿದ್ದರೂ ಸಾಕು, ಮುಂದಿನ ಎಳೆತ ಪೂರ್ತಿ ಸೋರಿಹೋಗುತ್ತದೆ. ಎದುರಿನ ಡಿಫರೆನ್ಷಿಯಲ್ಲು ಶಕ್ತಿಯನ್ನು ಸುಲಭವಾಗಿ ತಿರುಗುವ ಕಡೆಗೇ ಬಿಟ್ಟುಕೊಡುತ್ತದೆ. ಎರಡನ್ನೂ ಲಾಕ್ ಮಾಡಿ, ಫೋರ್‌ವೀಲ್ ಹಾಕಿ, ಒಂದು ಮುಂಚಕ್ರವನ್ನು ಜಾಕಿನಿಂದ ಎತ್ತಿ ಕೈಯಿಂದ ತಿರುವಿ. ತಿರುಗಿದರೆ ಎರಡು ಹಬ್ಬುಗಳಲ್ಲಿ ಒಂದು ಕಚ್ಚಿಲ್ಲ. ಬಿಚ್ಚಿ ಒಣಗಿದ ಗ್ರೀಸು ತೊಳೆದು ಹೊಸದು ಹಾಕಿದರೆ ಹಲವು ಹಬ್ಬುಗಳು ಮತ್ತೆ ಬದುಕುತ್ತವೆ. ಒಂದೇ ಎಚ್ಚರ: ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ಹೋಗಬಾರದು. ಗಟ್ಟಿ ಮರದ ದಿಮ್ಮಿ ಕೊಟ್ಟು ನಿಲ್ಲಿಸಿ.

ಇನ್ನು ಕೆಲವರ ದೂರು ಇದಕ್ಕೆ ಉಲ್ಟಾ: ಫೋರ್‌ವೀಲ್ ಬೀಳುತ್ತದೆ, ಆದರೆ ಬಿಡುವುದಿಲ್ಲ, ಲಿವರ್ ಕಲ್ಲಿನಂತೆ ಬಿಗಿದುಕೊಂಡಿದೆ, ತಿರುವಿನಲ್ಲಿ ಗಾಡಿ ಜಗ್ಗುತ್ತದೆ. ಇದು ಹೆಚ್ಚಿನ ಸಲ ಗಾಡಿಯ ರೋಗವಲ್ಲ, ನಮ್ಮ ತಪ್ಪು. ಜೋಡೆತ್ತಿನ ಬಂಡಿ ತಿರುವು ತೆಗೆದುಕೊಳ್ಳುವಾಗ ನೋಡಿ, ಹೊರಗಿನ ಎತ್ತು ಹೆಚ್ಚು ಹೆಜ್ಜೆ ಹಾಕುತ್ತದೆ. ಜೀಪಿನಲ್ಲಿಯೂ ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಓಡಬೇಕು. ಫೋರ್‌ವೀಲ್ ಹಾಕಿದಾಗ ಮುಂದು-ಹಿಂದು ಎರಡನ್ನೂ ಒಂದೇ ಹೆಜ್ಜೆಗೆ ಕಟ್ಟಿದಂತೆ. ಕೆಸರಿನಲ್ಲಿ ಚಕ್ರ ಸ್ವಲ್ಪ ಜಾರಿ ಲೆಕ್ಕ ಸರಿಮಾಡಿಕೊಳ್ಳುತ್ತದೆ. ಒಣ ಡಾಂಬರಿನಲ್ಲಿ ಜಾರಲಾಗದೆ ಆ ಬಿಗಿತವೆಲ್ಲ ಶಾಫ್ಟು, ಗೇರುಗಳಲ್ಲಿ ಹಗ್ಗ ಹೊಸೆದಂತೆ ಸುತ್ತಿಕೊಳ್ಳುತ್ತದೆ. ಕಾಡಿನ ದಾರಿ ಮುಗಿದು ಚೋರ್ಲಾ ರಸ್ತೆಯ ಡಾಂಬರು ಹತ್ತಿದ ಮೇಲೂ ಫೋರ್‌ವೀಲಿನಲ್ಲೇ ಬೆಳಗಾವಿವರೆಗೆ ಹೋಗುವವರನ್ನು ಕಂಡಿದ್ದೇನೆ. ಲಿವರ್ ಬಿಗಿದಿದ್ದರೆ ಸುತ್ತಿಗೆ ಹಿಡಿಯಬೇಡಿ. ಸ್ಟೇರಿಂಗ್ ನೇರ ಇಟ್ಟು ಐದಾರು ಮಾರು ರಿವರ್ಸ್ ಹೋಗಿ ಲಿವರ್ ಎಳೆಯಿರಿ, ಬಿಗಿತ ಬಿಚ್ಚಿ ತಾನೇ ಬರುತ್ತದೆ. ಟೈರುಗಳನ್ನೂ ನೋಡಿ. ಹಿಂದೆ ಹೊಸ ಟೈರು, ಮುಂದೆ ಬೋಳು ಟೈರು, ಅಥವಾ ಬೇರೆ ಅಳತೆಯದು ಹಾಕಿದ್ದರೆ ನೇರ ದಾರಿಯಲ್ಲಿಯೂ ಇದೇ ಬಿಗಿತ ಬರುತ್ತದೆ. ನಾಲ್ಕೂ ಒಂದೇ ಅಳತೆ, ಆದಷ್ಟು ಒಂದೇ ಸವೆತ ಇರಲಿ.

ಈಗ ಎಣ್ಣೆ. ಹಾಲು ಪರೀಕ್ಷೆ ಬಲ್ಲ ನಿಮಗೆ ಇದು ಸುಲಭ. ಕೇಸಿನ ಬದಿಯಲ್ಲಿ ಎಣ್ಣೆ ತುಂಬುವ ಪ್ಲಗ್ ಇದೆ. ಗಾಡಿ ಸಮನೆಲದಲ್ಲಿ ಇದ್ದಾಗ ಅದನ್ನು ಬಿಚ್ಚಿ ಬೆರಳು ಹಾಕಿದರೆ ತೂತಿನ ಅಂಚಿಗೇ ಎಣ್ಣೆ ತಾಗಬೇಕು. ಒಳಗೆ ಹಿಡಿಯುವುದು ಸುಮಾರು ಒಂದೂವರೆ ಲೀಟರ್ ಮಾತ್ರ. ಆದ್ದರಿಂದ ಸೋರಿಕೆಯನ್ನು ಹಾಗೇ ಬಿಟ್ಟರೆ ಗೇರು ಒಣಗಿಬಿಡಬಹುದು. ಎರಡು ಬೆರಳಿನ ನಡುವೆ ತಿಕ್ಕಿ ನೋಡಿ, ಮೂಸಿ ನೋಡಿ. ಕಂದು ಬಣ್ಣ, ಜಿಗುಟು ಇದ್ದರೆ ಸರಿ. ಕರ್ರಗೆ ಸುಟ್ಟ ವಾಸನೆ ಇದ್ದರೆ ಬದಲಿಸಿ. ಎಣ್ಣೆ ಗಿಣ್ಣುಹಾಲಿನಂತೆ ಬೆಳ್ಳಗೆ ಮಂದವಾಗಿದ್ದರೆ ಒಳಗೆ ನೀರು ಸೇರಿದೆ.

ಹಳ್ಳ ದಾಟುವ ನಮ್ಮ ಗಾಡಿಗಳಲ್ಲಿ ಈ ಕೊನೆಯದು ಮಾಮೂಲು. ಓಡಿ ಓಡಿ ಕಾದ ಕೇಸು ಒಮ್ಮೆಲೇ ತಣ್ಣೀರಿನಲ್ಲಿ ಮುಳುಗಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಉಸಿರಾಡಲು ಇಟ್ಟ ಸಣ್ಣ ಬ್ರೀದರ್ ಇದ್ದರೂ ಅದು ನೀರಲ್ಲೇ ಇರುತ್ತದೆ. ಕೆಸರು ಕಟ್ಟಿದ್ದರೆ ಸೀಲುಗಳ ಅಂಚಿನಿಂದ ನೀರು ಎಳೆದುಕೊಳ್ಳುತ್ತದೆ. ಅದೇ ಬ್ರೀದರ್ ಕಟ್ಟಿದ್ದರೆ ಬಿಸಿಯಾದಾಗ ಒಳಗಿನ ಒತ್ತಡಕ್ಕೆ ಎಣ್ಣೆ ಸೀಲಿನಿಂದ ಹೊರಗೆ ಬರುತ್ತದೆ. ಹೊಸ ಸೀಲು ಹಾಕಿಸಿದರೂ ಸೋರುವುದು ನಿಲ್ಲಲಿಲ್ಲ ಎನ್ನುವವರು ಮೊದಲು ಬ್ರೀದರ್ ಚೊಕ್ಕ ಮಾಡಿ. ಒಂದು ರಬ್ಬರ್ ಕೊಳವೆ ಸಿಕ್ಕಿಸಿ ಬಾನೆಟ್ಟಿನ ಒಳಗೆ ಎತ್ತರಕ್ಕೆ ಕಟ್ಟಿಕೊಂಡರೆ ಇನ್ನೂ ಒಳ್ಳೆಯದು. ಹಳ್ಳಕ್ಕೆ ಇಳಿಯುವ ಮೊದಲು ಹತ್ತು ನಿಮಿಷ ಗಾಡಿ ತಣಿಯಲು ಬಿಡಿ. ಎಣ್ಣೆ ಬೆಳ್ಳಗಾಗಿದ್ದರೆ ಹಬ್ಬ ಮುಗಿಯಲಿ ಎಂದು ಕಾಯಬೇಡಿ, ಬೇರಿಂಗಿಗೆ ತುಕ್ಕು ಹಿಡಿಯಲು ವಾರಗಳು ಬೇಕಿಲ್ಲ. ರಾತ್ರಿ ನಿಲ್ಲಿಸಿ, ಬೆಳಿಗ್ಗೆ ಗಾಡಿ ಚಾಲೂ ಮಾಡುವ ಮೊದಲೇ ಕೆಳಗಿನ ಪ್ಲಗ್ ಬಿಚ್ಚಿ, ತಳಕ್ಕೆ ಇಳಿದ ನೀರು ಮೊದಲು ಹೋಗುತ್ತದೆ. ಅಗ್ಗದ ಹೊಸ ಎಣ್ಣೆ ಹಾಕಿ ಸ್ವಲ್ಪ ಓಡಿಸಿ ಅದನ್ನೂ ತೆಗೆದು, ಆಮೇಲೆ ಒಳ್ಳೆಯದನ್ನು ತುಂಬಿ. ಈ ಹಳೆಯ ಕೇಸುಗಳಿಗೆ 90 ನಂಬರಿನ ಗೇರ್ ಆಯಿಲ್ ಸಾಕು. ಒಳಗೆ ಕಂಚಿನ ವಾಷರುಗಳಿವೆ, ಅಂಗಡಿಯಲ್ಲಿ ಜಿಎಲ್-4 ಎಂದು ಕೇಳಿ ತನ್ನಿ.

ತೆಗೆದ ಎಣ್ಣೆಯನ್ನು ಚೆಲ್ಲುವ ಮೊದಲು ಇನ್ನೊಂದು ಕೆಲಸ. ತಂತಿ, ಮೊಳೆ ನುಂಗುವ ಹಸುಗಳ ಹೊಟ್ಟೆಗೆ ನಾವು ಹಾಕುವ ಮ್ಯಾಗ್ನೆಟ್ ನಿಮ್ಮಲ್ಲಿ ಕೆಲವರಾದರೂ ನೋಡಿರುತ್ತೀರಿ. ಅಂಥದ್ದೊಂದನ್ನು ನಾನು ಜೀಪಿನಲ್ಲಿ ಇಟ್ಟುಕೊಂಡಿದ್ದೇನೆ (ಹಸುವಿಗೆ ಹಾಕುವುದು ಬೇರೆ, ಇದು ಬೇರೆ, ಹೆದರಬೇಡಿ). ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಆ ಎಣ್ಣೆಯಲ್ಲಿ ಆಡಿಸಿ ತೆಗೆಯಿರಿ. ಹಳೆಯ ಸ್ಪೀಕರಿನ ಮ್ಯಾಗ್ನೆಟ್ಟೂ ನಡೆಯುತ್ತದೆ. ಬೂದಿಯಂಥ ನುಣ್ಣನೆಯ ಪುಡಿ ಅಂಟಿದರೆ ವಯಸ್ಸಿನ ಸಹಜ ಸವೆತ. ಉಗುರಿನ ಚೂರಿನಂಥ ಹಕ್ಕಳೆ ಬಂದರೆ ಗೇರಿನ ಹಲ್ಲು ಮುರಿಯುತ್ತಿದೆ. ಸೂಜಿಯಂಥ ಸಣ್ಣ ಉಕ್ಕಿನ ಕಡ್ಡಿ ಬಂದರೆ ನಡುವಿನ ಗೇರಿನ ಬೇರಿಂಗ್ ಪುಡಿಯಾಗಿದೆ. ಈ ಕೊನೆಯ ಎರಡರಲ್ಲಿ ಮಾತ್ರ ಚರ್ಚೆ ಬೇಡ, ಕೇಸು ಇಳಿಸಲೇಬೇಕು.

ಎಣ್ಣೆ ಎಲ್ಲಿಂದ ಸೋರುತ್ತಿದೆ ಎಂಬುದೂ ಒಂದು ಮಾತು ಹೇಳುತ್ತದೆ. ಈ ಹಳೆಯ ಜೀಪುಗಳಲ್ಲಿ ಹ್ಯಾಂಡ್‌ಬ್ರೇಕಿನ ಡ್ರಮ್ಮು ಚಕ್ರದಲ್ಲಿಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂಬದಿಯಲ್ಲೇ ಇದೆ. ಹಿಂದಿನ ಸೀಲು ಸೋರಿದರೆ ಎಣ್ಣೆ ನೇರ ಅದರ ಲೈನಿಂಗಿಗೆ ಹೋಗುತ್ತದೆ. ಹ್ಯಾಂಡ್‌ಬ್ರೇಕ್ ಎಷ್ಟು ಬಿಗಿ ಮಾಡಿಸಿದರೂ ಹಿಡಿಯುತ್ತಿಲ್ಲವೇ? ಬ್ರೇಕ್ ಬಿಟ್ಟು ಸೀಲು ನೋಡಿ. ಗೇರ್‌ಬಾಕ್ಸಿನ ಎಣ್ಣೆ ಪದೇ ಪದೇ ಕಡಿಮೆಯಾಗಿ ಟ್ರಾನ್ಸ್‌ಫರ್ ಕೇಸಿನಲ್ಲಿ ತುಂಬಿ ಹೊರಚೆಲ್ಲುತ್ತಿದ್ದರೆ ಎರಡರ ನಡುವಿನ ತಡೆ ಸವೆದಿದೆ ಎಂದರ್ಥ, ಹೊರಗಿನ ಸೀಲು ಬದಲಿಸಿ ಪ್ರಯೋಜನವಿಲ್ಲ.

ಇದೇ ಹ್ಯಾಂಡ್‌ಬ್ರೇಕಿನ ಜೊತೆ ಒಂದು ಅಪಾಯವಿದೆ. ಹೈ-ಲೋ ಲಿವರ್ ನಡುವೆ ನ್ಯೂಟ್ರಲ್‌ನಲ್ಲಿ ನಿಂತರೆ ಎಂಜಿನ್ನಿಗೂ ಚಕ್ರಕ್ಕೂ ಸಂಬಂಧವೇ ಇರುವುದಿಲ್ಲ. ಒಮ್ಮೆ ಒಬ್ಬ ರೈತರು ಗಾಡಿ ಗೇರಿಗೆ ಬಿದ್ದರೂ ಹೋಗುತ್ತಿಲ್ಲ ಎಂದು ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಖಾನಾಪುರಕ್ಕೆ ಬಂದಿದ್ದರು. ಪಕ್ಕದಲ್ಲಿ ಕೂತವರ ಮೊಣಕಾಲು ತಾಗಿ ಆ ಲಿವರ್ ನಡುವಿಗೆ ಬಂದಿತ್ತು, ಅಷ್ಟೇ. ಅದು ನಗುವ ವಿಷಯ. ಆದರೆ ಇಳಿಜಾರಿನಲ್ಲಿ ಗೇರಿನಲ್ಲಿದೆ ಎಂದು ನಂಬಿ ಬಿಟ್ಟು ಹೋದ ಗಾಡಿಗೆ ಹೀಗಾದರೆ ಅದು ತನ್ನಷ್ಟಕ್ಕೆ ಇಳಿದು ಹೋಗುತ್ತದೆ. ಕ್ಯಾನು ತುಂಬಿದ ಗಾಡಿ, ಹಿಂದೆ ಆಡುವ ಮಕ್ಕಳು. ಇಳಿಯುವ ಮೊದಲು ಆ ಲಿವರ್ ನೋಡಿ, ಚಕ್ರಕ್ಕೆ ಕಲ್ಲು ಕೊಡಿ.

ಸದ್ದಿನ ವಿಷಯ ಕಷ್ಟದ್ದು. ಈ ಕೇಸುಗಳು ಗೇರಿಗೆ ಗೇರು ಕಚ್ಚಿ ಓಡುವಂಥವು, ಸ್ವಲ್ಪ ಗುಂಯ್ ಎನ್ನುವುದು ಹುಟ್ಟುಗುಣ. ಹೊಸದಾಗಿ ಬಂದ ಸದ್ದು ಯಾವುದು ಎಂಬುದು ದಿನವೂ ಓಡಿಸುವವರಿಗೇ ಗೊತ್ತಾಗಬೇಕು, ಎಮ್ಮೆಯ ಕೂಗು ಬದಲಾದದ್ದು ಮನೆಯವರಿಗೆ ಗೊತ್ತಾಗುವ ಹಾಗೆ. ಹೊರಡುವಾಗ, ಆಕ್ಸಿಲರೇಟರ್ ಬಿಟ್ಟು ಒತ್ತಿದಾಗ ಕಟ್ ಎಂಬ ಪೆಟ್ಟು ಕೇಳಿದರೆ ಮೊದಲು ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ನೋಡಿ. ಶಾಫ್ಟನ್ನು ಎರಡು ಕೈಯಲ್ಲಿ ಹಿಡಿದು ಆಚೀಚೆ ಅಲುಗಾಡಿಸಿದರೆ ಸಡಿಲು ಕೈಗೇ ಸಿಗುತ್ತದೆ. ಓಡುವಾಗಿನ ಗುರುಗುಟ್ಟುವಿಕೆ ಕ್ಲಚ್ ಒತ್ತಿ ಗಾಡಿ ತೇಲಿಬಿಟ್ಟಾಗಲೂ ಚಕ್ರದ ವೇಗಕ್ಕೆ ತಕ್ಕಂತೆ ಉಳಿದರೆ ರೋಗ ಎಂಜಿನ್, ಕ್ಲಚ್ಚಿನದಲ್ಲ, ಹಿಂದೆ ಎಲ್ಲೋ ಇದೆ. ಅದು ಟ್ರಾನ್ಸ್‌ಫರ್ ಕೇಸೋ, ಡಿಫರೆನ್ಷಿಯಲ್ಲೋ, ಚಕ್ರದ ಬೇರಿಂಗೋ ಎಂದು ಬೇರ್ಪಡಿಸುವುದಕ್ಕೆ ಪಳಗಿದ ಕಿವಿ ಬೇಕು. ಇಲ್ಲಿಂದ ಮುಂದೆ ಮಿಸ್ತ್ರಿಯ ಕೆಲಸ.

ಏರಿನಲ್ಲಿ ಲಿವರ್ ತಾನೇ ಜಿಗಿದು ಹೊರಬರುವುದು ಎಲ್ಲಕ್ಕಿಂತ ಭಯ ಹುಟ್ಟಿಸುವ ದೂರು. ಲಿವರಿನ ಹಾದಿ, ಪಿನ್ ಸರಿ ಇದ್ದೂ ಜಿಗಿದರೆ ಮೊದಲ ಅನುಮಾನ ರಾಡನ್ನು ಜಾಗದಲ್ಲಿ ಹಿಡಿದಿಡುವ ಉಕ್ಕಿನ ಗುಂಡು ಮತ್ತು ಅದರ ಸ್ಪ್ರಿಂಗಿನ ಮೇಲೆ. ಇವನ್ನು ಹೊರಗಿನ ಪ್ಲಗ್ ಬಿಚ್ಚಿ ನೋಡಬಹುದು, ಸ್ಪ್ರಿಂಗ್ ಅಗ್ಗದ ಸಾಮಾನು. ಅದೂ ಸರಿ ಇದ್ದರೆ ಫೋರ್ಕ್ ಸವೆದಿರಬಹುದು, ಗೇರಿನ ಹಲ್ಲು ದುಂಡಗಾಗಿರಬಹುದು, ನಡುವಿನ ಗೇರು ಕೂತ ಶಾಫ್ಟು ಸಡಿಲಾಗಿರಬಹುದು. ಆಗ ಬಿಚ್ಚಲೇಬೇಕು.

ಬಿಚ್ಚಿಸುವಾಗ ಮೂರು ವಿಷಯ ನೀವೇ ನಿಂತು ನೋಡಿ. ಆ ನಡುವಿನ ಶಾಫ್ಟು ವರ್ಷ ವರ್ಷದ ಮಾದರಿಗೆ ಬೇರೆ ಬೇರೆ ದಪ್ಪದ್ದಿದೆ, ಅಂಗಡಿಗೆ ಹಳೆಯದನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ, ಫೋನಿನಲ್ಲಿ ಹೇಳಿ ತರಿಸಬೇಡಿ. ಹಿಂದಿನ ಮುಚ್ಚಳ ತೆಗೆದಾಗ ಕಾಗದದಷ್ಟು ತೆಳ್ಳನೆಯ ತಗಡಿನ ಶಿಮ್ಮುಗಳು ಬರುತ್ತವೆ. ಬೇರಿಂಗಿನ ಆಟ ಹೊಂದಿಸುವುದು ಅವೇ. ಎಷ್ಟಿದ್ದವೋ ಎಣಿಸಿ ದಾರಕ್ಕೆ ಕಟ್ಟಿಡಿ, ಬರೀ ಸೀಲು ಬದಲಿಸಿದ್ದರೆ ಅಷ್ಟನ್ನೂ ಹಿಂದಕ್ಕೆ ಹಾಕಬೇಕು. ಕೊನೆಯದಾಗಿ, ಕೇಸಿನಲ್ಲಿ ಆ ಶಾಫ್ಟು ಕೂರುವ ತೂತು ಸವೆದು ಅಗಲವಾಗಿದ್ದರೆ ಹೊಸ ಶಾಫ್ಟು ಹಾಕಿ ಉಪಯೋಗವಿಲ್ಲ, ಆರು ತಿಂಗಳಿಗೆ ಮತ್ತೆ ಅದೇ ಕಥೆ. ಆದರೆ ಅದಕ್ಕಾಗಿ ಕೇಸನ್ನೇ ಗುಜರಿಗೆ ಹಾಕಬೇಕಿಲ್ಲ. ಬೋರ್ ಮಾಡಿ ಬುಶ್ ಕೂರಿಸಿದರೆ ನಡೆಯುತ್ತದೆ. ಫೌಂಡ್ರಿ, ಲೇತಿನ ಕೆಲಸಕ್ಕೆ ಹೆಸರಾದ ಬೆಳಗಾವಿಯಲ್ಲಿ, ಉದ್ಯಮಬಾಗ್ ಕಡೆ, ಇಂಥ ಕೆಲಸ ಬಲ್ಲವರಿಗೆ ಬರವಿಲ್ಲ.

ಜಿಪ್ಸಿ ಇಟ್ಟುಕೊಂಡವರಿಗೆ ಒಂದು ಮಾತು. ಅದರಲ್ಲಿ ಟ್ರಾನ್ಸ್‌ಫರ್ ಕೇಸು ಗೇರ್‌ಬಾಕ್ಸಿಗೆ ಅಂಟಿಕೊಂಡಿಲ್ಲ, ನಡುವೆ ಗಿಡ್ಡ ಶಾಫ್ಟಿದೆ, ಕೇಸು ತನ್ನದೇ ರಬ್ಬರುಗಳ ಮೇಲೆ ಕೂತಿದೆ. ಆ ರಬ್ಬರು ಹರಿದರೆ ಕೇಸೇ ಅಲುಗಾಡಿ ಸದ್ದು, ನಡುಕ, ಲಿವರ್ ಜಿಗಿಯುವುದು ಎಲ್ಲ ಶುರುವಾಗುತ್ತದೆ. ಗೇರು ಬಿಚ್ಚಿಸುವ ಮೊದಲು ರಬ್ಬರು ನೋಡಿ. ಇನ್ನೂ ಹೊಸ ಗಾಡಿಗಳು, ಗುಂಡಿ ತಿರುವಿ ಫೋರ್‌ವೀಲ್ ಹಾಕುವಂಥವು, ಬೇರೆಯೇ ಜಾತಿ. ಅವುಗಳ ಎಣ್ಣೆಯೂ ಬೇರೆ, ಪುಸ್ತಕ ನೋಡದೆ ಏನೂ ಹಾಕಬೇಡಿ.

ಹಾಲಿನ ಲೆಕ್ಕದಲ್ಲಿ ಹೇಳುವುದಾದರೆ, ಕರೆದ ಹಾಲು ಶೀತಲೀಕರಣ ಘಟಕದಲ್ಲಿ 4 ಡಿಗ್ರಿಗೆ ಇಳಿಯುವವರೆಗೂ ಅದರಲ್ಲಿನ ಸೂಕ್ಷ್ಮಾಣುಗಳು ಸುಮ್ಮನೆ ಕೂರುವುದಿಲ್ಲ. ದಾರಿಯಲ್ಲಿ ಸಿಕ್ಕಿಬಿದ್ದ ಗಾಡಿಯಲ್ಲಿ ನಿಮ್ಮ ಒಬ್ಬರ ಹಾಲಲ್ಲ, ಓಣಿಯ ಎಲ್ಲರ ಹಾಲು ಇರುತ್ತದೆ. ಜೂನ್ ಮೊದಲ ವಾರದೊಳಗೆ ಒಂದು ಭಾನುವಾರ ಬೆಳಿಗ್ಗೆ ಹಾಲು ಹಾಕಿ ಬಂದ ಮೇಲೆ ಈ ಕೆಲಸ ಮುಗಿಸಿಕೊಳ್ಳಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಕೆಸರಿನಲ್ಲಿ ನಾಲ್ಕು ಮಾರು ಫೋರ್‌ವೀಲ್, ಲೋ ಎರಡೂ ಹಾಕಿ ತೆಗೆಯಿರಿ. ಬಳಸದೆ ಬಿಟ್ಟ ಲಿವರಿಗೆ ತುಕ್ಕು ಬೇಗ.

ಆ ಎಮ್ಮೆಯ ಬಗ್ಗೆ ಕೇಳುವವರಿಗೆ: ದೀಪಾವಳಿಗೆ ಮುನ್ನ ಗಬ್ಬ ನಿಂತಿದೆ, ಈಗ ಏಳು ತಿಂಗಳು. ಗಣೇಶ ಚೌತಿಯ ಆಸುಪಾಸು ಈಯಬಹುದು. ಆಗಲೂ ಆ ಏರಿನಲ್ಲಿ ಕೆಸರು ಇರುತ್ತದೆ. ಮನೆಯವರಿಗೆ ಒಂದೇ ಮಾತು ಹೇಳಿ ಬಂದಿದ್ದೇನೆ, ತಿಣುಕಲು ಶುರುವಾದ ಕೂಡಲೇ ಫೋನು ಮಾಡಿ, ಬೆಳಗಾಗಲಿ ಎಂದು ಕಾಯಬೇಡಿ. ಜೀಪಿನ ನೆಲದ ತೂತು ಈಗ ಸಾಕಷ್ಟು ದೊಡ್ಡದಿದೆ. ಮಳೆ ನೀರು ಕಾಲಿಗೆ ಸಿಡಿಯುತ್ತದೆ, ಇರಲಿ.